ಹಿಕ್ಕೆಯಿಂದ ಎಣಿಕೆಯವರೆಗೆ: ಡಿಎನ್‌ಎ ಓದಿ ಒಂದೊಂದು ಕೃಷ್ಣಮೃಗವನ್ನು ಗುರುತಿಸುವ ಬಗೆ

ಆಳಂದ ತಾಲ್ಲೂಕಿನ ಒಂದು ತೊಗರಿ ಹೊಲದ ಬದುವಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹಿಕ್ಕೆ ಆರಿಸುತ್ತಿದ್ದೆ. ಹೊಲದ ಹಿರಿಯರು ಬಂದು ನಿಂತರು.

“ಏನು ಹುಡುಕುತ್ತಿದ್ದೀರಿ ತಮ್ಮಾ?”

“ಜಿಂಕೆಯ ಹಿಕ್ಕೆ, ಕಾಕಾ. ಇದರಿಂದ ಈ ಸೀಮೆಯಲ್ಲಿ ಎಷ್ಟು ಜಿಂಕೆಗಳಿವೆ ಎಂದು ತಿಳಿಯಬಹುದು.”

“ಎಷ್ಟಿವೆ ಎನ್ನುವುದು ಆಮೇಲೆ. ಮೊನ್ನೆ ಬಂದು ಮೇಯ್ದವೂ ಇವತ್ತು ಬೆಳಗಿನ ಜಾವ ಬಂದವೂ ಒಂದೇ ಹಿಂಡೋ ಬೇರೆಯೋ? ಅದನ್ನು ಹೇಳಿರಿ.”

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ದುರ್ಬೀನು ಹಿಡಿದು ಎಣಿಸಿದರೆ ಇಪ್ಪತ್ತು ಜಿಂಕೆ ಎಂದು ಬರೆದುಕೊಳ್ಳಬಹುದು. ಮರುದಿನ ಪಕ್ಕದ ಊರಿನಲ್ಲಿ ಕಂಡ ಇಪ್ಪತ್ತು ಅವೇ ಹೌದೋ ಅಲ್ಲವೋ ಎಂದು ಕಣ್ಣು ಹೇಳಲಾರದು. ಹುಲಿಗೆ ಪಟ್ಟೆಯಿದೆ, ಚಿರತೆಗೆ ಚುಕ್ಕೆಯಿದೆ. ನಾವಿಲ್ಲಿ ಜಿಂಕೆ ಎನ್ನುವ ಕೃಷ್ಣಮೃಗಕ್ಕೆ ಅಂಥ ಮೈಗುರುತಿಲ್ಲ. ಅದರ ಗುರುತು ಡಿಎನ್‌ಎಯಲ್ಲಿದೆ, ಆ ಡಿಎನ್‌ಎ ಹಿಕ್ಕೆಯ ಮೇಲಿದೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಜೀವವಿಜ್ಞಾನ ಓದುತ್ತಿರುವವರು, ಕಾಲೇಜು ಅಧ್ಯಾಪಕರು, ಅರಣ್ಯ ಇಲಾಖೆಯ ಉತ್ಸಾಹಿ ಸಿಬ್ಬಂದಿ ಈ ಕೆಲಸಕ್ಕೆ ಕೈಹಾಕಬೇಕೆಂದು ನನಗೆ ಬಹಳ ಆಸೆ. ಅದಕ್ಕಾಗಿ ಈ ಲೇಖನ.

ಮೊದಲು ಪ್ರಶ್ನೆ, ಆಮೇಲೆ ಮಾರ್ಕರ್

ಡಿಎನ್‌ಎ ಎಂದರೆ ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳ ಉದ್ದನೆಯ ಸರಣಿ. ಅದರ ಬಹುಪಾಲು ಎಲ್ಲ ಕೃಷ್ಣಮೃಗಗಳಲ್ಲೂ ಒಂದೇ. ಒಂದರಿಂದ ಒಂದಕ್ಕೆ ಬೇರೆಯಾಗುವ ಕೆಲವು ತಾಣಗಳನ್ನು ಮಾರ್ಕರ್ ಎನ್ನುತ್ತೇವೆ. ಒಂದು ಪ್ರಾಣಿಯಲ್ಲಿ ಆ ತಾಣದಲ್ಲಿ ಏನಿದೆ ಎಂದು ಪತ್ತೆ ಮಾಡಿ ಬರೆದುಕೊಳ್ಳುವುದೇ ಜಿನೋಟೈಪಿಂಗ್. ಪ್ರತಿ ತಾಣದಲ್ಲಿ ತಾಯಿಯಿಂದ ಬಂದದ್ದೊಂದು, ತಂದೆಯಿಂದ ಬಂದದ್ದೊಂದು, ಹೀಗೆ ಎರಡು ಅಲೀಲುಗಳಿರುತ್ತವೆ. ಎರಡೂ ಒಂದೇ ಆಗಿದ್ದರೆ ಹೋಮೋಜೈಗೋಟ್, ಬೇರೆಯಾಗಿದ್ದರೆ ಹೆಟೆರೋಜೈಗೋಟ್. ಮುಂದಿನ ಎಲ್ಲ ಮಾತಿಗೂ ಈ ಎರಡು ಪದಗಳು ಬೇಕು.

ಹಿಕ್ಕೆ ಯಾವ ಪ್ರಾಣಿಯದು ಎಂಬುದಷ್ಟೇ ಪ್ರಶ್ನೆಯಾದರೆ ಮೈಟೋಕಾಂಡ್ರಿಯಾ ಡಿಎನ್‌ಎಯ ಒಂದು ಚಿಕ್ಕ ತುಣುಕು ಸಾಕು. ಗಂಡೋ ಹೆಣ್ಣೋ ಎಂದು ತಿಳಿಯಲು ವೈ ಕ್ರೋಮೋಸೋಮಿನ ಮೇಲಿನ ಎಸ್‌ಆರ್‌ವೈ ಜೀನನ್ನು ನೋಡುತ್ತಾರೆ. ಇದು ಯಾವ ಜಿಂಕೆ, ಯಾವುದರ ಸಂಬಂಧಿ ಎಂದು ಕೇಳಬೇಕಾದರೆ ಎರಡು ದಾರಿಗಳಿವೆ. ಎರಡು ಮೂರು ಅಕ್ಷರಗಳು ಮತ್ತೆ ಮತ್ತೆ ಪುನರಾವರ್ತನೆಯಾಗುವ ಮೈಕ್ರೊಸ್ಯಾಟಲೈಟ್ ಒಂದು. ಒಂದೇ ಒಂದು ಅಕ್ಷರ ಬದಲಾಗುವ ಎಸ್‌ಎನ್‌ಪಿ ಇನ್ನೊಂದು. ಹಿಕ್ಕೆಯ ಡಿಎನ್‌ಎ ಬಿಸಿಲಿಗೆ ಬೆಂದು ಚೂರುಚೂರಾಗಿರುತ್ತದೆ. ಎಸ್‌ಎನ್‌ಪಿ ಓದಲು ಚಿಕ್ಕ ಚೂರೂ ಸಾಕಾಗುವುದರಿಂದ ನಮ್ಮ ಸೀಮೆಯ ಕೆಲಸಕ್ಕೆ ನಾನು ಅದನ್ನೇ ಹೇಳುತ್ತೇನೆ.

ಅನುಮತಿ

ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮದೊಳಗೆ ಅಧ್ಯಯನಕ್ಕೆ ಕಾಲಿಡಲು ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕೇ ಬೇಕು. ಹೊಲ, ಗಾಯರಾಣದಲ್ಲಿ ಬಿದ್ದ ಹಿಕ್ಕೆಯಲ್ಲವೇ ಎಂದು ಸುಮ್ಮನೆ ಶುರು ಮಾಡಬೇಡಿ. ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಮೂಲಕ ಅರ್ಜಿ ಹಾಕಿ, ಪತ್ರ ಕೈಗೆ ಬಂದ ಮೇಲೆ ಹೊರಡಿ. ಸತ್ತ ಜಿಂಕೆ ರಸ್ತೆ ಬದಿ ಕಂಡರೆ ಮುಟ್ಟದೆ ಇಲಾಖೆಗೆ ತಿಳಿಸಿ. ಅವರ ಸಮ್ಮುಖದಲ್ಲಿ ಸಿಗುವ ಒಂದು ಚೂರು ಸ್ನಾಯು ನೂರು ಹಿಕ್ಕೆಗಿಂತ ಬೆಲೆಯುಳ್ಳದ್ದು.

ಹೊಲದಲ್ಲಿ

ಇಡೀ ಕೆಲಸದ ಭವಿಷ್ಯ ಇಲ್ಲಿ ನಿರ್ಧಾರವಾಗುತ್ತದೆ. ದುಬಾರಿ ಯಂತ್ರದ ಬಗ್ಗೆ ಮಾತಾಡುವ ಉತ್ಸಾಹ ಹಿಕ್ಕೆ ಆರಿಸುವುದರಲ್ಲಿ ಕಾಣುವುದಿಲ್ಲ. ಆದರೆ ಕೆಟ್ಟ ಮಾದರಿಯನ್ನು ಯಾವ ಯಂತ್ರವೂ ಒಳ್ಳೆಯದು ಮಾಡಲಾರದು.

ಕಾಲ ನೋಡಿ ಹೊರಡಿ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಬಿಸಿಲು ಹಿಕ್ಕೆಯ ಹೊರಮೈಯ ಡಿಎನ್‌ಎಯನ್ನು ಬೇಗನೆ ಮುರಿದುಹಾಕುತ್ತದೆ. ಮಳೆ ಅದನ್ನು ತೊಳೆದೇ ಬಿಡುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ತೊಗರಿ ರಾಶಿಯ ಹೊತ್ತಿಗೆ, ಚಳಿಯೂ ಒಣಹವೆಯೂ ಇರುವಾಗ ನಸುಕಿನಲ್ಲೇ ಹೊಲ ಸೇರಿಕೊಳ್ಳಿ. ಆಗ ಹಿಂಡುಗಳು ಬಿಳಿಜೋಳ, ಕಡಲೆ ಹೊಲಗಳ ಸುತ್ತ ಇರುತ್ತವೆ. ದೂರದಿಂದ ಹಿಂಡನ್ನು ನೋಡುತ್ತಾ ಕುಳಿತು, ಅದು ತಾನಾಗಿ ಸರಿದ ಮೇಲೆ ಆ ಜಾಗಕ್ಕೆ ಹೋಗುವುದು ಅತ್ಯುತ್ತಮ. ಬೆದರಿಸಿ ಓಡಿಸಬಾರದು.

ತಾಜಾ ಹಿಕ್ಕೆಯನ್ನು ಗುರುತಿಸುವುದು ಕಷ್ಟವಲ್ಲ. ಅದು ಕಪ್ಪಗೆ, ಎಣ್ಣೆ ಸವರಿದಂತೆ ಮಿನುಗುತ್ತದೆ. ಆ ಮಿನುಗು ಕರುಳಿನ ಲೋಳೆ. ಪ್ರಾಣಿಯ ಸ್ವಂತ ಜೀವಕೋಶಗಳಿರುವುದು ಆ ತೆಳು ಪದರದಲ್ಲಿ. ಒಳಗಿರುವುದು ಬರಿಯ ಅರೆದ ಹುಲ್ಲು. ಬೂದುಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟದ್ದನ್ನು ಬಿಟ್ಟುಬಿಡಿ, ಎಷ್ಟೇ ದೂರ ನಡೆದು ಬಂದಿದ್ದರೂ ಬಿಟ್ಟುಬಿಡಿ.

ಹಿಕ್ಕೆ ಕಂಡಲ್ಲಿ ಒಂದು ಕ್ಷಣ ನಿಲ್ಲಿ. ಒಂದೇ ಕಡೆ ದೊಡ್ಡ ಗುಡ್ಡೆಯಾಗಿ ಹಳತು ಹೊಸತು ಬೆರೆತು ಬಿದ್ದಿದ್ದರೆ ಅದು ತನ್ನ ಜಾಗ ಕಾಯುವ ಗಂಡಿನ ಗುಡ್ಡೆ. ಅದು ಅಲ್ಲಿಗೇ ಮತ್ತೆ ಮತ್ತೆ ಬಂದು ಹಾಕುತ್ತದೆ. ಇಂಥ ಗುಡ್ಡೆಗಳಿಂದಲೇ ಮಾದರಿ ತುಂಬಿಕೊಂಡರೆ ಕೆಲವೇ ಗಂಡುಗಳು ನೂರು ಸಲ ಸಿಗುತ್ತವೆ, ಹೆಣ್ಣುಗಳು ಸಿಗುವುದೇ ಇಲ್ಲ. ಆದ್ದರಿಂದ ಒಂದು ಗುಡ್ಡೆಗೆ ಒಂದೇ ಮಾದರಿ, ಅದೂ ಮೇಲೆ ಒಂದೇ ಸಲ ಬಿದ್ದ ತಾಜಾ ಸುತ್ತಿನಿಂದ. ಚದುರಿದ ಹಿಕ್ಕೆಗಳ ಕಡೆಗೆ ಹೆಚ್ಚು ಗಮನ ಕೊಡಿ.

ಕೈಗವಸು ಹಾಕಿ, ಹೊಸ ಹಲ್ಲುಕಡ್ಡಿಯಿಂದ ಒಂದೇ ಸುತ್ತಿನ ನಾಲ್ಕಾರು ಹಿಕ್ಕೆಗಳನ್ನು ಎತ್ತಿ ಟ್ಯೂಬಿಗೆ ಹಾಕಿ. ಶುದ್ಧ ಎಥನಾಲನ್ನು ಹಿಕ್ಕೆಯ ಮೂರು ನಾಲ್ಕು ಪಟ್ಟು ತುಂಬಿ. ಪ್ರತಿ ಮಾದರಿಗೂ ಹೊಸ ಕಡ್ಡಿ, ಹೊಸ ಕೈಗವಸು. ಎರೆಮಣ್ಣು ಮೆತ್ತಿದ ಹಿಕ್ಕೆಯಾದರೆ ಮಣ್ಣು ತಗಲದ ಮಗ್ಗುಲಿನದನ್ನು ಆರಿಸಿ, ಏಕೆಂದರೆ ಮಣ್ಣಿನ ಹ್ಯೂಮಿಕ್ ಆಮ್ಲ ಮುಂದೆ ಪಿಸಿಆರನ್ನು, ಅಂದರೆ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಕ್ರಿಯೆಯನ್ನು, ತಡೆಯುತ್ತದೆ. ಹೊಲದಲ್ಲಿಯೇ ಒಂದು ಖಾಲಿ ಟ್ಯೂಬನ್ನು ತೆರೆದು ಎಥನಾಲ್ ಹಾಕಿ ಮುಚ್ಚಿ. ಅದು ಕೊನೆಯವರೆಗೂ ಮಾದರಿಗಳ ಜೊತೆಯಲ್ಲೇ ಬರಬೇಕು. ಹೊರಗಿನ ಡಿಎನ್‌ಎ ಬೆರೆತಿದ್ದರೆ ಅದು ತೋರಿಸಿಕೊಡುತ್ತದೆ.

ಹೆಸರು ಬರೆಯುವ ವಿಷಯದಲ್ಲಿ ನನ್ನ ಒಂದು ನಷ್ಟ ಹೇಳುತ್ತೇನೆ. ಮೊದಲ ವರ್ಷ ಟ್ಯೂಬುಗಳ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದಿದ್ದೆ. ದಾರಿಯಲ್ಲಿ ಒಂದು ಟ್ಯೂಬು ಸೋರಿ, ಎಥನಾಲು ಹರಿದು, ಪೆಟ್ಟಿಗೆಯಲ್ಲಿದ್ದ ಹನ್ನೊಂದು ಟ್ಯೂಬುಗಳ ಬರಹ ಅಳಿಸಿಹೋಯಿತು. ಎರಡು ಮುಂಜಾವಿನ ದುಡಿಮೆಯನ್ನು ಎಸೆಯಬೇಕಾಯಿತು. ಅಂದಿನಿಂದ ಸೀಸದ ಕಡ್ಡಿಯಲ್ಲಿ ಬರೆದ ಕಾಗದದ ಚೀಟಿಯೊಂದು ಟ್ಯೂಬಿನ ಒಳಗೆ, ಇನ್ನೊಂದು ಹೊರಗೆ ಟೇಪಿನಡಿ. ಆ ಬರಹ ಎಥನಾಲಿಗೆ ಕರಗುವುದಿಲ್ಲ. ಜೊತೆಗೆ ನೋಟ್‌ಬುಕ್ಕಿನಲ್ಲಿ ದಿನಾಂಕ, ಜಿಪಿಎಸ್ ಅಂಕೆ, ಹಿಂಡಿನಲ್ಲಿ ಕಂಡ ಸಂಖ್ಯೆ, ಬೆಳೆ, ಆ ಹೊಲದಲ್ಲಿ ಕುರಿ ಆಡು ಮೇಯ್ದಿವೆಯೇ ಎಂಬುದು.

ಕೊನೆಯದು ಬಹಳ ಮುಖ್ಯ. ಕುರಿ, ಆಡಿನ ಹಿಕ್ಕೆಗೂ ಕೃಷ್ಣಮೃಗದ ಹಿಕ್ಕೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ನಂಬುವಷ್ಟಿಲ್ಲ. ಕುರಿ ಮಂದೆ ತಂಗಿದ ಹೊಲದಲ್ಲಿ ಕುರುಬರನ್ನೇ ಕೇಳಿ. ನಿನ್ನೆ ಮಂದೆ ಎಲ್ಲಿ ಹಾದುಹೋಯಿತು ಎಂದು ಅವರು ಬೆರಳಿಟ್ಟು ತೋರಿಸುತ್ತಾರೆ.

ಪ್ರಯೋಗಾಲಯದಲ್ಲಿ

ಪಿಸಿಆರ್ ಯಂತ್ರ, ಸೆಂಟ್ರಿಫ್ಯೂಜ್, ಫ್ರೀಜರ್ ಇರುವ ಜಾಗ ಮೊದಲ ಭಾಗಕ್ಕೆ ಸಾಕು. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇವೆ. ಸೀಕ್ವೆನ್ಸಿಂಗನ್ನು, ಅಂದರೆ ಡಿಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದುವ ಕೆಲಸವನ್ನು, ಹೈದರಾಬಾದ್ ಅಥವಾ ಬೆಂಗಳೂರಿನ ಸೇವಾ ಪ್ರಯೋಗಾಲಯಗಳಿಗೆ ಕಳುಹಿಸಬಹುದು. ಅಳಿವಿನಂಚಿನ ಪ್ರಾಣಿಗಳ ಆನುವಂಶಿಕ ಅಧ್ಯಯನಕ್ಕೆಂದೇ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯಲ್ಲಿ ಲ್ಯಾಕೋನ್ಸ್ ಎಂಬ ವಿಭಾಗವಿದೆ. ನಮ್ಮ ಮೂರೂ ಜಿಲ್ಲೆಗಳಿಗೆ ಬೆಂಗಳೂರಿಗಿಂತ ಅದೇ ಹತ್ತಿರ.

ಡಿಎನ್‌ಎ ತೆಗೆಯುವಾಗ ಹಿಕ್ಕೆಯನ್ನು ಜಜ್ಜಬೇಡಿ. ಹೊರಮೈಯನ್ನು ಬಫರಿನಲ್ಲಿ ಮೆಲ್ಲಗೆ ತೊಳೆದು, ಆ ತೊಳೆದ ದ್ರವವನ್ನು ಮಲದಿಂದ ಡಿಎನ್‌ಎ ತೆಗೆಯುವ ಕಿಟ್‌ಗೆ ಹಾಕಿ. ಈ ಕೆಲಸದ ಕೋಣೆ ಬೇರೆ, ಪಿಸಿಆರ್ ಮಾಡುವ ಕೋಣೆ ಬೇರೆ ಇರಬೇಕು. ಒಂದು ಪಿಸಿಆರ್ ಮುಗಿಯುವಷ್ಟರಲ್ಲಿ ಗುರಿ ತುಣುಕಿನ ಕೋಟಿಗಟ್ಟಲೆ ಪ್ರತಿಗಳಾಗಿರುತ್ತವೆ. ಅದರ ಒಂದು ಹನಿ ಹಾರಿ ಹಿಕ್ಕೆಯ ಬಡ ಡಿಎನ್‌ಎಗೆ ಬಿದ್ದರೆ ಎಲ್ಲ ಜಿಂಕೆಗಳೂ ಒಂದೇ ಜಿಂಕೆಯಾಗುತ್ತವೆ.

ಪಿಸಿಆರ್ ಹಿಡಿಯದಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ನೋಡಿ. ತಡೆಯುವ ವಸ್ತುಗಳೂ ತೆಳುವಾಗುವುದರಿಂದ ಎಷ್ಟೋ ಸಲ ಕೆಲಸ ಆಗುತ್ತದೆ. ಇನ್ನೊಂದು ಉಪಾಯ ಬಿಎಸ್‌ಎ ಬೆರೆಸುವುದು. ಇಲ್ಲಿ ಎಚ್ಚರಿಕೆ ಬೇಕು. ಬಿಎಸ್‌ಎ ಹಸುವಿನ ರಕ್ತದಿಂದ ತೆಗೆದ ಪ್ರೋಟೀನು. ಅದರಲ್ಲಿ ಹಸುವಿನ ಡಿಎನ್‌ಎಯ ಸುಳಿವು ಉಳಿದಿರಬಹುದು. ಕೃಷ್ಣಮೃಗವೂ ಹಸು, ಕುರಿ, ಆಡುಗಳ ಕುಟುಂಬಕ್ಕೇ ಸೇರಿದ ಪ್ರಾಣಿ. ಹೀಗಾಗಿ ನಮ್ಮ ಪ್ರೈಮರ್, ಅಂದರೆ ಪಿಸಿಆರಿಗೆ ಗುರಿ ತೋರಿಸುವ ಚಿಕ್ಕ ಡಿಎನ್‌ಎ ತುಣುಕು, ಹಸುವಿನದನ್ನೂ ಹಿಡಿದುಬಿಡಬಹುದು. ಹುಲಿಯ ಮೇಲೆ ಕೆಲಸ ಮಾಡುವವರಿಗೆ ಅಷ್ಟಾಗಿ ಕಾಡದ ಈ ತೊಡಕು ನಮ್ಮ ಮನೆಬಾಗಿಲಲ್ಲೇ ಇದೆ. ಡಿಎನ್‌ಎ ಹಾಕದ ಖಾಲಿ ಕುಳಿಯಲ್ಲೂ ತುಣುಕು ಹೆಚ್ಚಿದ್ದರ ಗುರುತಾದ ಪಟ್ಟಿ ಮೂಡಿದರೆ ಮೊದಲು ಬಿಎಸ್‌ಎಯನ್ನು ಅನುಮಾನಿಸಿ.

ಮೊದಲ ಪರೀಕ್ಷೆ ಪ್ರಭೇದದ್ದು. ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಬಿ ಅಥವಾ 16ಎಸ್ ಜೀನಿನ ಚಿಕ್ಕ ತುಣುಕನ್ನು ಸ್ಯಾಂಗರ್ ವಿಧಾನದಲ್ಲಿ ಓದಿಸಿ, ಡಿಎನ್‌ಎ ಸರಣಿಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್‌ನಲ್ಲಿರುವವುಗಳ ಜೊತೆ ಹೋಲಿಸಿ. ಆಡು, ಕುರಿ ಎಂದು ಬಂದವನ್ನು ಇಲ್ಲೇ ಬೇರ್ಪಡಿಸಿ. ಓದಿನ ರೇಖಾಚಿತ್ರದಲ್ಲಿ ಒಂದೇ ಜಾಗದಲ್ಲಿ ಎರಡು ಶಿಖರಗಳು ಒಂದರ ಮೇಲೊಂದು ಬಂದಿದ್ದರೆ ಎರಡು ಪ್ರಾಣಿಗಳ ಹಿಕ್ಕೆ ಬೆರೆತಿರುವ ಅನುಮಾನವಿದೆ. ಆ ಮಾದರಿಯನ್ನು ಕೈಬಿಡಿ.

ಎಷ್ಟು ಮಾರ್ಕರ್ ಬೇಕು

ಒಳ್ಳೆಯ ಡಿಎನ್‌ಎ ಸಿಕ್ಕ ಕೆಲವು ಮಾದರಿಗಳಿಂದ ಮೊದಲು ಎಸ್‌ಎನ್‌ಪಿಗಳನ್ನು ಹುಡುಕಬೇಕು. ಪೂರ್ತಿ ಜೀನೋಮ್ ಓದಬಹುದು, ಇಲ್ಲವೇ ಕಿಣ್ವದಿಂದ ಕತ್ತರಿಸಿದ ಜಾಗಗಳ ಪಕ್ಕವನ್ನಷ್ಟೇ ಓದುವ ಡಿಡಿರ್‍ಯಾಡ್ ವಿಧಾನ ಬಳಸಬಹುದು. ಸ್ನಾಯುವಿನ ಮಾದರಿಯನ್ನು ಇಲಾಖೆಯಿಂದ ಪಡೆಯಿರಿ ಎಂದದ್ದು ಇದಕ್ಕೇ.

ಲೆಕ್ಕ ಹೀಗಿದೆ. ಎರಡೂ ಅಲೀಲುಗಳು ಸಮಪ್ರಮಾಣದಲ್ಲಿರುವ ಎಸ್‌ಎನ್‌ಪಿ ಒಂದರಲ್ಲಿ, ಸಂಬಂಧವಿಲ್ಲದ ಎರಡು ಪ್ರಾಣಿಗಳ ಜಿನೋಟೈಪ್ ಆಕಸ್ಮಿಕವಾಗಿ ಒಂದೇ ಆಗುವ ಸಾಧ್ಯತೆ 0.375. ಇಂಥ ಹತ್ತು ಸೇರಿದರೆ ಸುಮಾರು 18,000ದಲ್ಲಿ ಒಂದು. ಸಾಕಲ್ಲವೇ ಎನಿಸುತ್ತದೆ. ಸಾಲದು. ಹಿಂಡಿನಲ್ಲಿರುವವು ಬಂಧುಗಳು. ಒಡಹುಟ್ಟಿದ ಎರಡರ ನಡುವೆ ಅದೇ ಸಾಧ್ಯತೆ ಒಂದು ಎಸ್‌ಎನ್‌ಪಿಗೆ 0.594, ಹತ್ತಕ್ಕೆ ಸುಮಾರು 180ರಲ್ಲಿ ಒಂದು. ಇಪ್ಪತ್ತು ಆದಾಗ 33,000ಕ್ಕೆ ಒಂದಕ್ಕಿಂತ ಕಡಿಮೆ. ಅಲೀಲುಗಳು ನಿಜದಲ್ಲಿ ಇಷ್ಟು ಸಮವಾಗಿರುವುದಿಲ್ಲ, ಹಿಕ್ಕೆಯ ಡಿಎನ್‌ಎಯಲ್ಲಿ ಕೆಲವು ಮಾರ್ಕರ್‌ಗಳು ಓದಲು ಸಿಗುವುದೂ ಇಲ್ಲ. ಆದ್ದರಿಂದ 60 ಇಟ್ಟುಕೊಳ್ಳಿ. ಯಾವಾಗಲೂ ಒಡಹುಟ್ಟಿದವರ ಲೆಕ್ಕವನ್ನೇ ವರದಿಯಲ್ಲಿ ಕೊಡಿ.

ಪ್ರತಿ ತಾಣದ ಎರಡೂ ಬದಿಗೆ ಪ್ರೈಮರ್ ಮಾಡಿಸುವಾಗ ನಡುವಿನ ತುಣುಕು 150 ಅಕ್ಷರ ದಾಟದಂತೆ ನೋಡಿಕೊಳ್ಳಿ. ಒಂದೇ ಟ್ಯೂಬಿನಲ್ಲಿ ಹಲವು ತಾಣಗಳನ್ನು ಒಟ್ಟಿಗೆ ಹೆಚ್ಚಿಸುವ ಮೊದಲ ಪಿಸಿಆರ್, ಪ್ರತಿ ಮಾದರಿಗೂ ಅದರದೇ ವಿಳಾಸದಂಥ ಸೂಚಕ ಸರಣಿಯನ್ನು ಎರಡೂ ತುದಿಗೆ ಅಂಟಿಸುವ ಎರಡನೇ ಪಿಸಿಆರ್. ಆಮೇಲೆ ಎಲ್ಲವನ್ನೂ ಒಂದೇ ಟ್ಯೂಬಿಗೆ ಸೇರಿಸಿ, ಕಾಂತೀಯ ಮಣಿಗಳಿಂದ ಶುದ್ಧಮಾಡಿ ಕಳುಹಿಸುವುದು. ಸೂಚಕದ ಜೋಡಿಗಳನ್ನು ಎರಡು ಮಾದರಿಗೆ ಹಂಚಬೇಡಿ, ಯಂತ್ರದಲ್ಲಿ ವಿಳಾಸ ಅದಲುಬದಲಾಗುವುದುಂಟು.

96 ಕುಳಿಗಳ ತಟ್ಟೆಯಲ್ಲಿ 30 ಮಾದರಿಗಳನ್ನು ಮೂರು ಮೂರು ಸಲ ಇಡಿ. ಉಳಿದ ಆರರಲ್ಲಿ ಎರಡು ಡಿಎನ್‌ಎ ತೆಗೆಯುವ ಹಂತದ ಖಾಲಿ, ಎರಡು ಪಿಸಿಆರ್ ಹಂತದ ಖಾಲಿ, ಎರಡು ಜಿನೋಟೈಪ್ ಮೊದಲೇ ಗೊತ್ತಿರುವ ಪ್ರಾಣಿಯದು. ಪ್ರತಿ ಕುಳಿಗೆ 60 ಮಾರ್ಕರ್, ಪ್ರತಿ ಮಾರ್ಕರಿಗೆ ಸರಾಸರಿ 200 ರೀಡ್ (ಯಂತ್ರ ಒಂದು ತುಣುಕನ್ನು ಒಮ್ಮೆ ಓದಿದ್ದು ಒಂದು ರೀಡ್) ಎಂದರೆ 11,52,000 ರೀಡ್ ಬೇಕು. ಹಂಚಿಕೆ ಎಂದೂ ಸಮನಾಗಿರುವುದಿಲ್ಲವಾದ್ದರಿಂದ ಇದರ ಎರಡು ಪಟ್ಟು ಕೇಳಿ. ಈಗಿನ ಯಂತ್ರಗಳಿಗೆ ಇದು ಸಣ್ಣ ಕೆಲಸ. ಬೇರೆಯವರ ಮಾದರಿಗಳ ಜೊತೆ ಸೇರಿಸಿ ಓದಿಸಿದರೆ ಖರ್ಚು ಇಳಿಯುತ್ತದೆ.

ಅಂಕೆಗಳನ್ನು ಓದುವುದು

ಕಡತ ಬರುವುದು ಫಾಸ್ಟ್‌ಕ್ಯೂ ರೂಪದಲ್ಲಿ. ಪ್ರತಿ ರೀಡಿಗೆ ನಾಲ್ಕು ಸಾಲು: ಹೆಸರು, ಅಕ್ಷರಗಳು, ಒಂದು ಕೂಡಿಸುವ ಗುರುತು, ಪ್ರತಿ ಅಕ್ಷರದ ಗುಣಮಟ್ಟ. ಗುಣಮಟ್ಟ 20 ಎಂದರೆ ನೂರರಲ್ಲಿ ಒಂದು ತಪ್ಪು, 30 ಎಂದರೆ ಸಾವಿರದಲ್ಲಿ ಒಂದು. ಕೆಳಮಟ್ಟದವನ್ನು ಕತ್ತರಿಸಿ, ಸೂಚಕದ ಪ್ರಕಾರ ಮಾದರಿಗಳಾಗಿ ಬೇರ್ಪಡಿಸಿ, ಪ್ರತಿ ತಾಣದಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು. ಇದಕ್ಕೆ ಉಚಿತ ತಂತ್ರಾಂಶಗಳಿವೆ. ಆದರೆ ಮೊದಲ ಹತ್ತು ಮಾದರಿಗಳನ್ನಾದರೂ ನಿಮ್ಮ ಕಣ್ಣಿನಿಂದಲೇ ನೋಡಿ.

ಒಂದು ತಾಣದಲ್ಲಿ ಎ 112 ಸಲ, ಜಿ 97 ಸಲ ಬಂದಿದೆ ಎನ್ನಿ. ಇದು ಎಜಿ, ಅನುಮಾನವಿಲ್ಲ. ಇನ್ನೊಂದರಲ್ಲಿ ಎ 205, ಜಿ 3. ಆ ಮೂರು ಯಂತ್ರದ ತಪ್ಪು, ಇದು ಎಎ. ಮತ್ತೊಂದರಲ್ಲಿ ಎ 30, ಜಿ 9. ಇಲ್ಲಿ ಕೈ ತಡೆಯಿರಿ. ಎಜಿ ಆಗಿರಬಹುದು, ಪಕ್ಕದ ಕುಳಿಯಿಂದ ಸೋರಿದ್ದಿರಬಹುದು. ಖಾಲಿ ಬಿಡಿ. ಎ 5, ಜಿ 0 ಬಂದಿದ್ದರೂ ಎಎ ಎಂದು ಬರೆಯಬೇಡಿ. ನಿಜವಾದ ಎಜಿಯಲ್ಲೂ ಐದಕ್ಕೆ ಐದೂ ಒಂದೇ ಅಕ್ಷರ ಬರುವ ಸಾಧ್ಯತೆ 16ರಲ್ಲಿ ಒಂದು. ಹತ್ತು ರೀಡ್ ಆದರೆ ಅದು 512ರಲ್ಲಿ ಒಂದಕ್ಕೆ ಇಳಿಯುತ್ತದೆ. 20ಕ್ಕಿಂತ ಕಡಿಮೆ ರೀಡ್ ಇರುವಲ್ಲಿ ನಾನು ಹೋಮೋಜೈಗೋಟ್ ಎಂದು ಬರೆಯುವುದಿಲ್ಲ.

ಇದೂ ಸಾಲದು, ಹಿಕ್ಕೆಯ ದೊಡ್ಡ ಅಪಾಯ ಇನ್ನೂ ಮುಂದಿದೆ. ಡಿಎನ್‌ಎ ಬಹಳ ಕಡಿಮೆ ಇದ್ದಾಗ ಎರಡು ಅಲೀಲುಗಳಲ್ಲಿ ಒಂದು ಪಿಸಿಆರಿನ ಮೊದಲ ಸುತ್ತುಗಳಲ್ಲೇ ತಪ್ಪಿಹೋಗಬಹುದು. ಆಮೇಲೆ ಸಾವಿರ ಸಲ ಓದಿದರೂ ಉಳಿದ ಒಂದೇ ಕಾಣುತ್ತದೆ. ಎಜಿ ಇದ್ದದ್ದು ಗಟ್ಟಿಯಾಗಿ ಎಎ ಎಂದು ಹೇಳುತ್ತದೆ. ಇದಕ್ಕೆ ಅಲೀಲ್ ಡ್ರಾಪ್‌ಔಟ್ ಎನ್ನುತ್ತಾರೆ. ಒಂದೇ ಮಾದರಿಯನ್ನು ಬೇರೆ ಬೇರೆ ಟ್ಯೂಬುಗಳಲ್ಲಿ ಹಲವು ಸಲ ಮಾಡಬೇಕೆಂದು ಫ್ರಾನ್ಸಿನ ಪಿಯೆರ್ ತಾಬೆರ್ಲೆ ಮತ್ತು ಸಂಗಡಿಗರು 1996ರಲ್ಲಿ ತೋರಿಸಿಕೊಟ್ಟರು. ತಟ್ಟೆಯಲ್ಲಿ ಮೂರು ಮೂರು ಸಲ ಇಟ್ಟದ್ದು ಇದಕ್ಕೆ. ಎಜಿ, ಎಎ, ಎಜಿ ಬಂದರೆ ಎಜಿ ಎಂದು ಒಪ್ಪಿ. ಮೂರೂ ಎಎ ಬಂದರೆ ಎಎ. ಎಎ, ಎಎ, ಎಜಿ ಬಂದರೆ ಮತ್ತೆ ಮಾಡಿ, ಆಗಲೂ ಇತ್ಯರ್ಥವಾಗದಿದ್ದರೆ ಆ ತಾಣವನ್ನು ಖಾಲಿ ಬಿಡಿ.

ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಒಂದು ಅಲೀಲು ತಪ್ಪಿದರೆ ಒಂದೇ ಜಿಂಕೆ ಕಾಗದದ ಮೇಲೆ ಎರಡಾಗುತ್ತದೆ. ಮಾರ್ಕರ್ ಕಡಿಮೆಯಾದರೆ ಅಣ್ಣತಮ್ಮ ಜಿಂಕೆಗಳೆರಡು ಒಂದಾಗುತ್ತವೆ. ಹೆಚ್ಚಾದ ಸಂಖ್ಯೆ ಜಿಂಕೆಗೆ ಕೇಡು, ಕಡಿಮೆಯಾದ ಸಂಖ್ಯೆ ಬೆಳೆ ಕಳೆದುಕೊಂಡು ಪರಿಹಾರ ಕೇಳುವ ರೈತನಿಗೆ ಕೇಡು. ಎರಡೂ ತಪ್ಪುಗಳು ಪ್ರಯೋಗಾಲಯದಲ್ಲೇ ಹುಟ್ಟಿ ಊರಿಗೆ ಹೋಗುತ್ತವೆ.

ಹೋಲಿಸಿ ಎಣಿಸುವುದು

ಎಲ್ಲ ಮಾದರಿಗಳನ್ನೂ ಒಂದಕ್ಕೊಂದು ಹೋಲಿಸಿ. ಪೂರ್ತಿ ಹೊಂದಿದವು ಒಂದೇ ಪ್ರಾಣಿಯವು. ಒಂದೆರಡು ತಾಣಗಳಲ್ಲಿ ಮಾತ್ರ ಬೇರೆಯಾದ ಜೋಡಿಗಳನ್ನು ಪಕ್ಕಕ್ಕಿಟ್ಟು, ಮೂಲ ರೀಡುಗಳಿಗೆ ಮರಳಿ ಹೋಗಿ ನೋಡಿ. ವ್ಯತ್ಯಾಸವೆಲ್ಲ ಎಜಿ ಮತ್ತು ಎಎ ನಡುವೆಯೇ ಇದ್ದರೆ ಡ್ರಾಪ್‌ಔಟ್ ಇರಬಹುದು. ಎಎ ಮತ್ತು ಜಿಜಿ ಎಂದು ಎದುರುಬದುರು ಬಂದರೆ ನಿಜಕ್ಕೂ ಎರಡು ಪ್ರಾಣಿಗಳಾಗಿರುವುದೇ ಹೆಚ್ಚು.

ಮಾದರಿ ಸಂಗ್ರಹವನ್ನು ಎರಡು ಸುತ್ತಾಗಿ ಮಾಡಿದ್ದರೆ ಸಿಗದ ಪ್ರಾಣಿಗಳನ್ನೂ ಸೇರಿಸಿ ಅಂದಾಜು ಮಾಡಬಹುದು. ಉದಾಹರಣೆಗೆ ಮೊದಲ ಸುತ್ತಿನಲ್ಲಿ 40 ಪ್ರಾಣಿ, ಎರಡನೆಯದರಲ್ಲಿ 35, ಎರಡರಲ್ಲೂ ಸಿಕ್ಕವು 14 ಎನ್ನಿ. 41ನ್ನು 36ರಿಂದ ಗುಣಿಸಿ, 15ರಿಂದ ಭಾಗಿಸಿ, ಒಂದು ಕಳೆದರೆ ಸುಮಾರು 97. ಸುತ್ತುಗಳ ನಡುವೆ ಒಂದೆರಡು ವಾರಕ್ಕಿಂತ ಹೆಚ್ಚು ಅಂತರ ಬೇಡ. ಗಂಡು ಹೆಣ್ಣುಗಳನ್ನು ಬೇರೆ ಬೇರೆ ಲೆಕ್ಕ ಹಾಕಿ, ಒಟ್ಟಿಗೆ ಹಾಕಿದರೆ ಗುಡ್ಡೆಯ ಗಂಡುಗಳು ಸುಲಭವಾಗಿ ಮರಳಿ ಸಿಗುವುದರಿಂದ ಒಟ್ಟು ಸಂಖ್ಯೆ ನಿಜಕ್ಕಿಂತ ಕೆಳಗಿಳಿಯುತ್ತದೆ.

ಅದೇ ಜಿನೋಟೈಪ್ ಪಟ್ಟಿಯಿಂದ ಇನ್ನೂ ಒಂದು ಉತ್ತರ ಸಿಗುತ್ತದೆ. ಬೀದರಿನ ಹೊನ್ನಿಕೇರಿಯ ಸುತ್ತಿನ ಜಿಂಕೆಗಳಿಗೂ ಭೀಮಾ ದಂಡೆಯ ಹಿಂಡುಗಳಿಗೂ ನಡುವೆ ಓಡಾಟವಿದೆಯೇ, ಹೆದ್ದಾರಿ ಕಾಲುವೆಗಳು ಅವನ್ನು ಬೇರ್ಪಡಿಸುತ್ತಿವೆಯೇ ಎಂದು ಅಲೀಲುಗಳ ಪ್ರಮಾಣ ಹೋಲಿಸಿ ನೋಡಬಹುದು. ಅದಕ್ಕೆ ಪ್ರತಿ ಕಡೆಯಿಂದ ಕನಿಷ್ಠ 25ರಿಂದ 30 ಪ್ರಾಣಿಗಳಾದರೂ ಬೇಕು. ಒಂದೇ ಹಿಂಡಿನಿಂದ ಎಲ್ಲವನ್ನೂ ತೆಗೆಯಬಾರದು.

ಜಿಪಿಎಸ್ ಅಂಕೆಗಳನ್ನು ಎಲ್ಲಿಯೂ ಬಹಿರಂಗವಾಗಿ ಹಾಕಬೇಡಿ, ಬೇಟೆಗಾರರೂ ಓದುತ್ತಾರೆ. ಪೂರ್ತಿ ವಿವರ ಅರಣ್ಯ ಇಲಾಖೆಗೆ, ತಾಲ್ಲೂಕು ಮಟ್ಟದ ನಕ್ಷೆ ಉಳಿದವರಿಗೆ. ಉಳಿದ ಡಿಎನ್‌ಎಯನ್ನು ಪಟ್ಟಿಯ ಸಮೇತ ಮೈನಸ್ 80 ಡಿಗ್ರಿಯಲ್ಲಿ ಇಡಿ, ಐದು ವರ್ಷದ ಮೇಲೆ ಬರುವವರಿಗೆ ಹೋಲಿಸಲು ಬೇಕಾಗುತ್ತದೆ.

ಹಿಕ್ಕೆ ಆರಿಸಲು ಬಿಟ್ಟ ಹೊಲದವರಿಗಾಗಿ ಒಂದೇ ಪುಟ ಕನ್ನಡದಲ್ಲಿ ಬರೆಯಿರಿ. ನಿಮ್ಮ ಹೊಲದಲ್ಲಿ ಎರಡು ಸುತ್ತಿನಲ್ಲಿ ಇಷ್ಟು ಜಿಂಕೆಗಳ ಹಿಕ್ಕೆ ಸಿಕ್ಕಿತು, ಅವುಗಳಲ್ಲಿ ಇಷ್ಟು ಎರಡೂ ಸಲ ಬಂದವೇ, ಇಷ್ಟು ಪಕ್ಕದ ಊರಿನಲ್ಲೂ ಸಿಕ್ಕಿವೆ ಎಂದು. ಜೂನಿನಲ್ಲಿ ತೊಗರಿ ಬಿತ್ತನೆಗೆ ಇಳಿಯುವ ಮೊದಲು, ಅವರು ಕುಳಿತು ಮಾತಾಡುವಷ್ಟು ಬಿಡುವಿರುವಾಗಲೇ ಹೋಗಿ ಓದಿ ಹೇಳಿ.